ಪಿಂಟಿಗೆ ಅಂಕ ಕೊಡುವವರು

ಇಂಗ್ಲೆಂಡಿನ ಹಳೇ ಪಬ್ಬುಗಳಲ್ಲಿ ಬಿಯರ್ ಬಗ್ಗೆ ನಿಜಕ್ಕೂ ಆಸ್ಥೆಯಿರುವ ಇಬ್ಬರು ಎದುರಾದರೆ, ಮಳೆ–ಚಳಿಯ ಮಾತು ಮುಗಿದ ಕೂಡಲೇ ಎರಡು ಪ್ರಶ್ನೆ ಬಂದೇ ಬರುತ್ತವೆ. ನಿನ್ನ ಅಚ್ಚುಮೆಚ್ಚಿನದು ಯಾವುದು? ಈಚೆಗೆ ಕುಡಿದದ್ದು ಯಾವುದು, ಹೇಗಿತ್ತು? ಮೊದಲನೆಯದಕ್ಕೆ ಉತ್ತರ ಥಟ್ಟನೆ ಬರುತ್ತದೆ. ವರ್ಷಗಳಿಂದ ಬದಲಾಗದ ಒಂದು ಹೆಸರು. ಎರಡನೆಯದರ ಉತ್ತರ ಉದ್ದ. ಯಾವ ಪಬ್ಬು, ವಾರದ ಯಾವ ದಿನ, ಪೀಪಾಯಿ ಆಗಷ್ಟೇ ತೆರೆದದ್ದೋ ತಳ ಕಂಡದ್ದೋ, ನೊರೆ ನಿಂತಿತೋ ಇಳಿಯಿತೋ, ಕಹಿ ಎಷ್ಟು ಹೊತ್ತು ನಾಲಿಗೆಯಲ್ಲಿ ಉಳಿಯಿತು, ಎಲ್ಲದರ ವರದಿ ಒಪ್ಪಿಸಬೇಕು. ಹೊರಗಿನವರ ಕಿವಿಗೆ ಇದು ಬರೀ ಹರಟೆ. ಆದರೆ ಇದೇ ಹರಟೆ 50 ವರ್ಷಗಳ ಹಿಂದೆ ಒಂದು ಸಂಘವಾಗಿ, ಇನ್ನೇನು ಮುಳುಗಲಿದ್ದ ಒಂದು ಕಸುಬನ್ನು ದಡ ಸೇರಿಸಿತು. ಆ ಸಂಘದ ಹೆಸರು ಕ್ಯಾಂಪೇನ್ ಫಾರ್ ರಿಯಲ್ ಏಲ್. ಎಲ್ಲರ ಬಾಯಲ್ಲಿ ಅದು ಕ್ಯಾಮ್ರಾ.

ಅವರು ಕಾಪಾಡಲು ಹೊರಟದ್ದು ಏನನ್ನು ಎಂದು ತಿಳಿಯಬೇಕಾದರೆ ಪಬ್ಬಿನ ನೆಲಮಾಳಿಗೆಗೆ ಇಳಿಯಬೇಕು. ನಾವು ಬಾಟಲಿಯಲ್ಲೋ ಕ್ಯಾನಿನಲ್ಲೋ ಕುಡಿಯುವ ಬಿಯರ್ ಕಾರ್ಖಾನೆಯ ಬಾಗಿಲು ದಾಟುವ ಹೊತ್ತಿಗೆ ತಯಾರಾಗಿ ಮುಗಿದಿರುತ್ತದೆ. ಅದನ್ನು ಸೋಸಿ, ಸಾಮಾನ್ಯವಾಗಿ ಬಿಸಿ ಹಾಯಿಸಿ, ಯೀಸ್ಟನ್ನು ತೆಗೆದುಹಾಕಿ, ಗ್ಯಾಸ್ ತುಂಬಿ ಮುಚ್ಚಿರುತ್ತಾರೆ. ಕ್ಯಾಮ್ರಾದವರು ರಿಯಲ್ ಏಲ್ ಎನ್ನುವ ಕಾಸ್ಕ್ ಏಲ್, ಅಂದರೆ ಪೀಪಾಯಿಯ ಬಿಯರ್, ಹಾಗಲ್ಲ. ಅದು ಪಬ್ಬಿಗೆ ಬರುವುದೇ ಜೀವಂತ ಯೀಸ್ಟಿನ ಸಮೇತ, ಹುದುಗು ಇನ್ನೂ ಮುಗಿಯದೆ. 9 ಗ್ಯಾಲನ್ ಹಿಡಿಯುವ ಫರ್ಕಿನ್ ಎಂಬ ಪೀಪಾಯಿ, ಅಂದರೆ 72 ಪಿಂಟ್, ಕಟ್ಟೆಯ ಮೇಲೆ ಅಡ್ಡಡ್ಡ ಮಲಗುತ್ತದೆ. ಮಾಳಿಗೆ ನೋಡಿಕೊಳ್ಳುವವನು ಮೇಲಿನ ಬೆಂಡಿಗೆ ಮೆದು ಮರದ ಸಣ್ಣ ಬೆಣೆ ಬಡಿಯುತ್ತಾನೆ. ಒಳಗಿನ ಗ್ಯಾಸು ಆ ಮರದ ರಂಧ್ರಗಳಿಂದ ಮೆಲ್ಲಗೆ ಹೊರಬೀಳುತ್ತದೆ, ಬೆಣೆಯ ತುದಿಯಲ್ಲಿ ನೊರೆ ಉಕ್ಕುತ್ತದೆ. ಅವನು ಅದನ್ನು ಒರೆಸುತ್ತಾನೆ, ಮತ್ತೆ ಬಂದು ನೋಡುತ್ತಾನೆ. ನೊರೆ ಉಕ್ಕುವುದು ನಿಂತ ಮೇಲೆ ಗಟ್ಟಿ ಬೆಣೆ ಹಾಕಿ, ನಲ್ಲಿ ಬಡಿದು, ಗಸಿ ತಳಕ್ಕಿಳಿಯಲು ಒಂದೆರಡು ದಿನ ಬಿಡುತ್ತಾನೆ. ಗಸಿ ಬೇಗ ಇಳಿಯಲೆಂದು ಮೀನಿನ ಗಾಳಿಚೀಲದಿಂದ ತಯಾರಿಸಿದ ಒಂದು ಅಂಟನ್ನು ಸೇರಿಸುವುದು ಹಳೇ ರೂಢಿ. (ಸಸ್ಯಾಹಾರಿಗಳು ಗಮನಿಸಬೇಕಾದ ಸಂಗತಿಯಿದು. ಅದನ್ನು ಸೇರಿಸದೆ, ಸ್ವಲ್ಪ ಮಬ್ಬಾಗಿಯೇ ಮಾರುವ ಬ್ರೂವರಿಗಳೂ ಈಗ ಇವೆ. ಪಬ್ಬಿನಲ್ಲಿ ಕೇಳಿದರೆ ಹೇಳುತ್ತಾರೆ.)

ಮಾಳಿಗೆಯ ಉಷ್ಣತೆ 11ರಿಂದ 13 ಡಿಗ್ರಿ ಸೆಲ್ಸಿಯಸ್ ಇರಬೇಕು. ಒಮ್ಮೆ ತೆರೆದ ಮೇಲೆ ಮೂರು ದಿನದೊಳಗೆ ಖಾಲಿಯಾಗಬೇಕು, ಏಕೆಂದರೆ ಒಂದೊಂದು ಪಿಂಟ್ ಮೇಲೆ ಹೋದಂತೆ ಅಷ್ಟೇ ಗಾಳಿ ಪೀಪಾಯಿಯೊಳಕ್ಕೆ ಬರುತ್ತದೆ. ಗಾಳಿ ಸೋಕಿದ ಬಿಯರ್ ಮೊದಲ ದಿನ ಅರಳುತ್ತದೆ, ಮೂರನೆಯ ದಿನ ಸೊರಗುತ್ತದೆ, ಆಮೇಲೆ ಹುಳಿಯಾಗುತ್ತದೆ. ಅದೇ ಅಕ್ಕಿ, ಅದೇ ಉದ್ದು, ಅದೇ ಕೈ ಇದ್ದರೂ ದೋಸೆ ಹಿಟ್ಟು ಇಂದು ಉಬ್ಬಿದಂತೆ ನಾಳೆ ಉಬ್ಬುವುದಿಲ್ಲವಲ್ಲ, ಇದೂ ಹಾಗೆಯೇ. ಆದ್ದರಿಂದ ಒಂದು ಕಾಸ್ಕ್ ಏಲಿನ ಹೆಸರು ಹೇಳಿ ಅದು ಒಳ್ಳೆಯದು ಎಂದರೆ ಅರ್ಧ ಮಾತಷ್ಟೇ ಹೇಳಿದಂತೆ. ಎಲ್ಲಿ, ಯಾವಾಗ, ಯಾರ ಮಾಳಿಗೆಯದು ಎಂಬುದೂ ಸೇರಬೇಕು. ಮೆಚ್ಚಿನ ಬಿಯರನ್ನು ಪ್ರತಿ ಸಲವೂ ಹೊಸದಾಗಿ ಪರೀಕ್ಷಿಸಬೇಕಾಗುತ್ತದೆ. ಆ ಎರಡನೆಯ ಪ್ರಶ್ನೆಗೆ ಅಷ್ಟು ತೂಕ ಬಂದದ್ದು ಇದರಿಂದ.

1960ರ ದಶಕದಲ್ಲಿ ಈ ಪ್ರಶ್ನೆ ಕೇಳುವ ಅಗತ್ಯವೇ ಇಲ್ಲದಂತಾಗುತ್ತಿತ್ತು. ಬ್ರಿಟನ್ನಿನ ಬಿಯರ್ ವ್ಯಾಪಾರದ ಬಹುಪಾಲು ಆರು ದೊಡ್ಡ ಕಂಪನಿಗಳ ಕೈಗೆ ಬಂದಿತ್ತು. ಊರೂರಿನ ಸಣ್ಣ ಬ್ರೂವರಿಗಳನ್ನು ಕೊಳ್ಳುವುದು, ಅವುಗಳ ಪಬ್ಬುಗಳನ್ನು ಇಟ್ಟುಕೊಂಡು ಬ್ರೂವರಿಗೆ ಬೀಗ ಹಾಕುವುದು ವಾಡಿಕೆಯಾಗಿತ್ತು. ಪೀಪಾಯಿಯ ಜಾಗಕ್ಕೆ ಕೆಗ್ ಬಂತು. ಸೋಸಿ, ಪಾಶ್ಚರೀಕರಿಸಿ, ಗ್ಯಾಸ್ ಒತ್ತಡದಲ್ಲಿ ತುಂಬಿದ ಬಿಯರ್ ಅದು. ವಾಟ್ನೀಸ್ ರೆಡ್ ಬ್ಯಾರಲ್, ಡಬಲ್ ಡೈಮಂಡ್ ಮುಂತಾದವು ಟಿವಿ ಜಾಹೀರಾತಿನ ಬಲದಿಂದ ದೇಶದ ತುಂಬ ಹರಡಿದವು. ಜನ ಅದನ್ನು ಕುಡಿದದ್ದಕ್ಕೆ ಕಾರಣ ಇರಲಿಲ್ಲವೆಂದಲ್ಲ. ಅಜಾಗರೂಕ ಪಬ್ಬಿನಲ್ಲಿ ಹುಳಿಯಾದ ಕಾಸ್ಕ್ ಬಿಯರಿಗೆ ದುಡ್ಡು ತೆತ್ತವನಿಗೆ, ಎಲ್ಲೇ ಹೋದರೂ ಒಂದೇ ರುಚಿ ಕೊಡುವ ಕೆಗ್ ದೊಡ್ಡ ಸಮಾಧಾನವೇ. ಆದರೆ ಆ ಸಮಾಧಾನಕ್ಕೆ ತೆತ್ತ ಬೆಲೆ ಏನೆಂಬುದು ಗೊತ್ತಾಗಬೇಕಾದರೆ ಎರಡನ್ನೂ ಕುಡಿದು ಹೋಲಿಸಿ ನೋಡಿದವರು ಬೇಕಿತ್ತು.

ಅಂಥ ನಾಲ್ವರು ಮೈಕೆಲ್ ಹಾರ್ಡ್‌ಮನ್, ಗ್ರಹಾಂ ಲೀಸ್, ಜಿಮ್ ಮೇಕಿನ್ ಮತ್ತು ಬಿಲ್ ಮೆಲರ್. 1971ರಲ್ಲಿ ಐರ್ಲೆಂಡಿನ ಪಶ್ಚಿಮ ತೀರಕ್ಕೆ ರಜೆಗೆಂದು ಹೋದ ಈ ಗೆಳೆಯರು ಕೆರ್ರಿ ಜಿಲ್ಲೆಯ ಡನ್‌ಕ್ವಿನ್ ಎಂಬ ಹಳ್ಳಿಯ ಬಾರಿನಲ್ಲಿ ಕುಳಿತು, ತಮ್ಮ ದೇಶದ ಬಿಯರ್ ಕೆಟ್ಟ ಬಗೆಯನ್ನು ಮಾತಾಡುತ್ತ ಸಂಘ ಕಟ್ಟುವ ನಿರ್ಧಾರಕ್ಕೆ ಬಂದರು. ಮಾರನೆಯ ವರ್ಷ ನನೀಟನ್ ಪಟ್ಟಣದ ಒಂದು ಪಬ್ಬಿನಲ್ಲಿ ಮೊದಲ ವಾರ್ಷಿಕ ಸಭೆ ನಡೆಯಿತು. ಮೊದಲು ಏಲಿನ ಪುನರುಜ್ಜೀವನದ ಚಳವಳಿ ಎಂದಿದ್ದ ಹೆಸರನ್ನು 1973ರಲ್ಲಿ ಈಗಿನಂತೆ ಬದಲಿಸಿಕೊಂಡರು. ಸದಸ್ಯರ ಸಂಖ್ಯೆ ಮುಂದೆ ಲಕ್ಷ ದಾಟಿತು.

ಸಂಘದ ಮುಖ್ಯ ಆಯುಧ ಒಂದು ಪುಸ್ತಕ. 'ಗುಡ್ ಬಿಯರ್ ಗೈಡ್' ಅಚ್ಚಿನ ಪುಸ್ತಕವಾಗಿ 1974ರಲ್ಲಿ ಬಂತು. ಒಳ್ಳೆಯ ಕಾಸ್ಕ್ ಬಿಯರ್ ಎಲ್ಲಿ ಸಿಗುತ್ತದೆ ಎಂದು ಸದಸ್ಯರೇ ತಿರುಗಾಡಿ, ಕುಡಿದು ನೋಡಿ ಕೊಟ್ಟ ಪಟ್ಟಿ ಅದು. ವಾಟ್ನೀಸ್ ಬಗ್ಗೆ ಬರೆದ ಮಾತು ಎಷ್ಟು ಖಾರವಾಗಿತ್ತೆಂದರೆ, ಪ್ರಕಾಶಕರು ಗಾಬರಿಯಾಗಿ ಅಚ್ಚಾದ ಪ್ರತಿಗಳನ್ನು ಹಿಂದಕ್ಕೆ ತರಿಸಿ, ಆ ಸಾಲನ್ನು ಒಂದಿಷ್ಟು ತೆಳುಗೊಳಿಸಿದ ಮೇಲೆಯೇ ಬಿಡುಗಡೆ ಮಾಡಿದರು. ಈಗ ಪ್ರತಿ ವರ್ಷ ಸುಮಾರು 4500 ಪಬ್ಬುಗಳು ಅದರೊಳಗೆ ಸೇರುತ್ತವೆ. ಒಂದು ಪಬ್ಬಿಗೆ ಅದರಲ್ಲಿ ಜಾಗ ಸಿಗುವುದು ಅಥವಾ ತಪ್ಪುವುದು ಮಾಲೀಕನ ನಿದ್ದೆ ಕೆಡಿಸುವ ವಿಷಯ. ಜಾಗವನ್ನು ದುಡ್ಡು ಕೊಟ್ಟು ಕೊಳ್ಳಲು ಆಗುವುದಿಲ್ಲ, ಸದಸ್ಯರ ಅಂಕ ಬೇಕು.

ಅಂಕ ಕೊಡುವ ಕ್ರಮ ನನಗೆ ಬಹಳ ಹಿಡಿಸಿದೆ. ಸೊನ್ನೆಯಿಂದ ಐದರವರೆಗೆ, ಅರ್ಧ ಅಂಕವೂ ಉಂಟು. ಸೊನ್ನೆ ಎಂದರೆ ಕುಡಿಯಲಾಗದ್ದು. ಎರಡು ಎಂದರೆ ದೂರುವಂಥದ್ದೇನಿಲ್ಲ, ನೆನಪಿಡುವಂಥದ್ದೂ ಇಲ್ಲ. ಮೂರು ಎಂದರೆ ಮುಂದಿನ ಪಬ್ಬಿಗೆ ಹೋಗುವ ಯೋಚನೆ ಬಿಟ್ಟು ಇಲ್ಲೇ ಇನ್ನೊಂದು ಹೇಳೋಣ ಅನ್ನಿಸುವಂಥದ್ದು. ಐದು ಬಹಳ ಅಪರೂಪ. ಇದರಲ್ಲಿ ಒಂದು ಸೂಕ್ಷ್ಮವಿದೆ. ಅಂಕ ಬೀಳುವುದು ಆ ಬಿಯರಿನ ಬಗೆಗಲ್ಲ, ಆ ಹೊತ್ತು ಆ ಗ್ಲಾಸಿನಲ್ಲಿ ಅದು ಯಾವ ಹದದಲ್ಲಿತ್ತು ಎಂಬುದಕ್ಕೆ. ನಿಮಗೆ ಕಪ್ಪು ಸ್ಟೌಟ್ ಇಷ್ಟವಿಲ್ಲದಿದ್ದರೂ ಹದವಾಗಿದ್ದರೆ ನಾಲ್ಕು ಕೊಡಬೇಕು. ಪ್ರಾಣದಷ್ಟು ಇಷ್ಟದ ಏಲ್ ಸೊರಗಿದ್ದರೆ ಒಂದೂವರೆ ಬರೆಯಬೇಕು. ತನ್ನ ಇಷ್ಟ ಬೇರೆ, ಎದುರಿಗಿರುವ ವಸ್ತುವಿನ ಯೋಗ್ಯತೆ ಬೇರೆ ಎಂದು ಬಿಡಿಸಿ ನೋಡುವ ಈ ಶಿಸ್ತು ನಮ್ಮಲ್ಲಿ ಸಂಗೀತ ಕಛೇರಿಯ ವಿಮರ್ಶಕರಲ್ಲೂ ಎಲ್ಲರಿಗೂ ಇಲ್ಲ.

ಶೆಫೀಲ್ಡ್ ರೈಲು ನಿಲ್ದಾಣದಲ್ಲಿ ಶೆಫೀಲ್ಡ್ ಟ್ಯಾಪ್ ಎಂಬ ಪಬ್ಬಿದೆ. ಪಾಳುಬಿದ್ದಿದ್ದ ಹಿಂದಿನ ಕಾಲದ ಉಪಾಹಾರದ ಕೋಣೆಯನ್ನು ದುರಸ್ತಿ ಮಾಡಿ 2009ರಲ್ಲಿ ತೆರೆದದ್ದು. ಅಲ್ಲಿ ನನ್ನ ಪಕ್ಕದ ಮೇಜಿನ ಹಿರಿಯರೊಬ್ಬರು ಅರ್ಧ ಪಿಂಟನ್ನು ಕಿಟಕಿಯ ಬೆಳಕಿಗೆ ಎತ್ತಿ ನೋಡಿದರು, ಮೂಸಿದರು, ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿದರು. ಆಮೇಲೆ ಜೇಬಿನಿಂದ ಮೂಲೆ ಸವೆದ ನೋಟ್‌ಬುಕ್ ತೆಗೆದು ಬ್ರೂವರಿ, ಬಿಯರಿನ ಹೆಸರು, ಆಲ್ಕೊಹಾಲಿನ ಶೇಕಡಾ, ಕೊನೆಗೆ ಮೂರೂವರೆ ಎಂದು ಬರೆದರು. ನಾಲ್ಕಕ್ಕೆ ಏನು ಕಡಿಮೆಯಾಯಿತು ಎಂದು ಕೇಳಿದೆ. 'ಗುಟುಕು ಇಳಿದ ಮೇಲೆ ಹಾಪ್ಸಿನ ಕಹಿ ಇನ್ನೂ ಸ್ವಲ್ಪ ನಿಲ್ಲಬೇಕಿತ್ತು. ನಿನ್ನೆ ಬಂದಿದ್ದರೆ ನಾಲ್ಕು ಇರುತ್ತಿತ್ತೋ ಏನೋ' ಎಂದರು. ಬೇಸರವಿರಲಿಲ್ಲ, ಗಮನವಿತ್ತು.

ಇವರಂಥವರಿಗೆ ಟಿಕ್ಕರ್ ಎನ್ನುತ್ತಾರೆ. ಹಿಂದೆಂದೂ ಕುಡಿಯದ ಬಿಯರನ್ನು ಹುಡುಕಿ ಕುಡಿದು, ಪಟ್ಟಿಯಲ್ಲಿ ಗುರುತು ಹಾಕುವುದು ಇವರ ವ್ರತ. ಹತ್ತಾರು ಸಾವಿರ ಬಿಯರುಗಳ ಲೆಕ್ಕ ಇಟ್ಟವರಿದ್ದಾರೆ. ಕುಡಿದು ಮುಗಿಸಲಾಗದ್ದನ್ನು ಪುಟ್ಟ ಪ್ಲಾಸ್ಟಿಕ್ ಬಾಟಲಿಗೆ ಬಗ್ಗಿಸಿಕೊಂಡು ಹೋಗಿ ಗೆಳೆಯರೊಂದಿಗೆ ಹಂಚಿಕೊಳ್ಳುವವರೂ ಇದ್ದಾರೆ. ಟಿಕ್ಕರ್ ಈಚೆಗೆ ಕುಡಿದದ್ದರ ಭಕ್ತ. ಅವನಿಗೆ ಎದುರಾಗಿ ಒಂದೇ ಪಬ್ಬಿನ ಒಂದೇ ಸ್ಟೂಲಿನ ಮೇಲೆ ಕುಳಿತು, 30 ವರ್ಷ ಒಂದೇ ಬಿಟರ್ ಕುಡಿಯುವ ಗಿರಾಕಿ ಇರುತ್ತಾನೆ. ಟಿಕ್ಕರುಗಳ ಬಗ್ಗೆ ಕೆಲವರಿಗೆ ತಾತ್ಸಾರವುಂಟು, ನನಗಿಲ್ಲ. ಹೊಸ ಬ್ರೂವರಿಯ ಮೊದಲ ಪೀಪಾಯಿಗೆ ಗಿರಾಕಿ ಒದಗಿಸುವವನು ಅವನೇ. ಆದರೆ ಮಾಳಿಗೆಯಲ್ಲಿ ಏನೋ ಎಡವಟ್ಟಾಗಿದೆ ಎಂದು ಮೊದಲ ಗುಟುಕಿನಲ್ಲೇ ಹೇಳಬಲ್ಲವನು ಸ್ಟೂಲಿನವನು. ಸಂಘಕ್ಕೆ ಇಬ್ಬರೂ ಬೇಕಾದರು.

ಇಷ್ಟದ ಬಿಯರುಗಳ ಮಾತಿಗೆ ಯಾರ್ಕ್‌ಷೈರಿನ ಕೀತ್ಲಿಯ ಟಿಮೊತಿ ಟೇಲರ್ ಬ್ರೂವರಿಯ ಲ್ಯಾಂಡ್‌ಲಾರ್ಡ್ ಬಾರದೆ ಇರದು. 1858ರಲ್ಲಿ ಶುರುವಾದ ಬ್ರೂವರಿ ಅದು. ಕ್ಯಾಮ್ರಾ 1978ರಿಂದ ನಡೆಸುವ ಚಾಂಪಿಯನ್ ಬಿಯರ್ ಆಫ್ ಬ್ರಿಟನ್ ಸ್ಪರ್ಧೆಯಲ್ಲಿ ಲ್ಯಾಂಡ್‌ಲಾರ್ಡ್ ನಾಲ್ಕು ಸಲ ಗೆದ್ದಿದೆ: 1982, 1983, 1994, 1999. ಅಂತಿಮ ಸುತ್ತಿನಲ್ಲಿ ಯಾವ ಗ್ಲಾಸಿನಲ್ಲಿ ಯಾವ ಬಿಯರ್ ಎಂದು ತೀರ್ಪುಗಾರರಿಗೆ ಹೇಳುವುದಿಲ್ಲ. ಪಾಪ್ ಗಾಯಕಿ ಮಡೋನಾ ಇದು ತನ್ನ ಇಷ್ಟದ ಬಿಯರ್ ಎಂದ ಮೇಲೆ ಲಂಡನ್ನಿನ ಪಬ್ಬುಗಳಲ್ಲೂ ಬೇಡಿಕೆ ಏರಿತು. ಇದನ್ನು ಸುರಿಯುವ ಬಗೆಯಲ್ಲೇ ಜಗಳವುಂಟು. ಉತ್ತರದವರು ಪಂಪಿನ ಮೂತಿಗೆ ಸಣ್ಣ ರಂಧ್ರಗಳ ಸ್ಪಾರ್ಕ್ಲರ್ ಸಿಕ್ಕಿಸಿ, ಕೆನೆಯಂಥ ದಪ್ಪ ನೊರೆ ಬರಿಸುತ್ತಾರೆ. ಅದರಿಂದ ಹಾಪ್ಸಿನ ಘಮವೆಲ್ಲ ನೊರೆಗೆ ಹೋಯಿತು ಎಂದು ದಕ್ಷಿಣದವರ ಆಕ್ಷೇಪ. ಲ್ಯಾಂಡ್‌ಲಾರ್ಡ್ ಮಟ್ಟಿಗೆ ನಾನು ಉತ್ತರದವರ ಪಕ್ಷ.

ಈ ಮಾತುಕತೆಗೆ ಭಾಷೆ ಕೊಟ್ಟವರಲ್ಲಿ ಮೊದಲಿಗ ಯಾರ್ಕ್‌ಷೈರಿನ ವೆದರ್ಬಿಯಲ್ಲಿ ಹುಟ್ಟಿದ ಮೈಕೆಲ್ ಜಾಕ್ಸನ್. ಹಾಡುಗಾರನಲ್ಲ, ಪತ್ರಕರ್ತ. 1977ರ 'ವರ್ಲ್ಡ್ ಗೈಡ್ ಟು ಬಿಯರ್' ಪುಸ್ತಕದಲ್ಲಿ ಆತ ಜಗತ್ತಿನ ಬಿಯರುಗಳನ್ನು ಬಗೆಬಗೆಯಾಗಿ ವಿಂಗಡಿಸಿದ. ಅದರಿಂದ ಕುಡಿಯುವವನಿಗೆ ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬೆರಡು ಮಾತಿನ ಆಚೆ ಹೋಗಲು ದಾರಿಯಾಯಿತು. ಬೆಣ್ಣೆಯ ವಾಸನೆ ಬಂದರೆ ಯೀಸ್ಟ್ ತನ್ನ ಕೆಲಸ ಪೂರ್ತಿ ಮುಗಿಸಿಲ್ಲದಿರಬಹುದು. ಒದ್ದೆ ರಟ್ಟಿನ ವಾಸನೆ ಗಾಳಿ ಸೋಕಿ ಹಳತಾದದ್ದರ ಗುರುತು. ವಿನೆಗರಿನ ಹುಳಿ ಬಂದರೆ ಗ್ಲಾಸನ್ನು ವಾಪಸು ಕೊಡಬೇಕು, ಒಳ್ಳೆಯ ಪಬ್ಬಿನಲ್ಲಿ ಮರುಮಾತಿಲ್ಲದೆ ಬದಲಿಸಿ ಕೊಡುತ್ತಾರೆ.

ಭಾರತದ ನಂಟೂ ಇದರಲ್ಲಿದೆ. 1820ರ ದಶಕದಿಂದ ಬರ್ಟನ್ ಪಟ್ಟಣದ ಬ್ರೂವರಿಗಳು ಹಾಪ್ಸ್ ಹೆಚ್ಚು ಹಾಕಿದ ತಿಳಿ ಬಣ್ಣದ ಏಲನ್ನು ಹಡಗಿನಲ್ಲಿ ನಮ್ಮ ದೇಶಕ್ಕೆ ಕಳಿಸುತ್ತಿದ್ದವು. ಆ ಊರಿನ ನೀರಿನಲ್ಲಿರುವ ಜಿಪ್ಸಂ ಹಾಪ್ಸಿನ ಕಹಿಯನ್ನು ಚೊಕ್ಕವಾಗಿ ಎತ್ತಿಕೊಡುತ್ತಿತ್ತು. ಇಂದಿನ ಐಪಿಎ (ಇಂಡಿಯಾ ಪೇಲ್ ಏಲ್) ಆ ವಂಶದ್ದು. ಡರ್ಬಿಷೈರಿನ ಥಾರ್ನ್‌ಬ್ರಿಜ್ ಬ್ರೂವರಿ 2005ರಲ್ಲಿ ತಂದ ಐಪಿಎಗೆ ಜೈಪುರ ಎಂದೇ ಹೆಸರು, ಆಲ್ಕೊಹಾಲು ಶೇ 5.9. ಶೆಫೀಲ್ಡಿನ ಕೆಲಂ ಐಲೆಂಡ್ ಬ್ರೂವರಿ 2022ರಲ್ಲಿ ಮುಚ್ಚಿದಾಗ, 2004ರ ಚಾಂಪಿಯನ್ ಆಗಿದ್ದ ಅದರ ಪೇಲ್ ರೈಡರ್ ಏಲನ್ನು ಉಳಿಸಿಕೊಂಡದ್ದೂ ಥಾರ್ನ್‌ಬ್ರಿಜ್. ಬ್ರೂವರಿ ಮುಚ್ಚಿದರೂ ಅದರ ಬಿಯರಿನ ರುಚಿ ನೆನಪಿಟ್ಟು ಕೇಳುವವರು ಇದ್ದರೆ ಹೀಗೂ ಆಗುತ್ತದೆ.

ಬೆಂಗಳೂರಿನಲ್ಲಿ 2010ರ ಆಚೀಚೆ ಬ್ರೂಪಬ್ಬುಗಳು ಬಂದ ಮೇಲೆ ನಮ್ಮವರೂ ಹೋಲಿಸಿ ಕುಡಿಯತೊಡಗಿದ್ದಾರೆ. ಸ್ಟ್ರಾಂಗಾ, ಮೈಲ್ಡಾ ಎಂಬಲ್ಲಿಗೇ ಮುಗಿಯುತ್ತಿದ್ದ ಮಾತು ಈಗ ಬೆಳೆದಿದೆ. ಇಂದಿರಾನಗರದಲ್ಲೋ ವೈಟ್‌ಫೀಲ್ಡಿನಲ್ಲೋ ಸಣ್ಣ ಗ್ಲಾಸುಗಳ ಹಲಗೆ ಮುಂದಿಟ್ಟುಕೊಂಡ ಹುಡುಗರು, ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುತ್ತಿದೆಯಲ್ಲ ಎಂದು ಬೆರಗಾಗುವುದನ್ನು ಕೇಳಿದ್ದೇನೆ. ಬಾಳೆಯನ್ನೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ, ಅದು ಯೀಸ್ಟಿನದೇ ಕೈಚಳಕ. ಅಷ್ಟು ಗೊತ್ತಾದವರು ಮುಂದಿನ ಸಲ ಹೋದಾಗ ಘಮ ಕಡಿಮೆಯಾಗಿದ್ದರೆ ಕೇಳುತ್ತಾರೆ, ಕೇಳಬೇಕು ಕೂಡ.

ಬ್ರಿಟನ್ನಿಗೆ ಹೋಗುವವರಿಗೆ ಒಂದಿಷ್ಟು ಸೂಚನೆ. ಮರದ ಹಿಡಿಯ ಹ್ಯಾಂಡ್‌ಪಂಪ್ ಇರುವ ಪಬ್ಬನ್ನು ಹುಡುಕಿ. ಗಿರಾಕಿಗಳಿಲ್ಲದೆ ಭಣಗುಡುತ್ತಿರುವ ಕಡೆ ಹತ್ತು ಪಂಪುಗಳಿದ್ದರೆ ಮುಂದೆ ನಡೆಯಿರಿ, ಅಷ್ಟೂ ಪೀಪಾಯಿ ಮೂರು ದಿನದಲ್ಲಿ ಖಾಲಿಯಾಗುವುದಿಲ್ಲ. ಯಾವುದು ಎಂದು ತೋಚದಿದ್ದರೆ ಸ್ವಲ್ಪ ರುಚಿ ನೋಡಲು ಕೇಳಿ, ಸಂಕೋಚ ಬೇಡ. ಮೂರನೇ ಒಂದು ಪಿಂಟ್ ಅಳತೆಯ ಗ್ಲಾಸೂ ಹಲವೆಡೆ ಸಿಗುತ್ತದೆ, ಮೂರು ಬಗೆ ನೋಡಿದರೂ 568 ಮಿಲಿ ಮೀರದು. ಇಂದು ತೆರೆದ ಪೀಪಾಯಿ ಯಾವುದು ಎಂದು ಬಾರಿನವರನ್ನು ವಿಚಾರಿಸಿ. ಆ ಒಂದು ಪ್ರಶ್ನೆ ಕೇಳಿದರೆ ಪಕ್ಕದ ಸ್ಟೂಲಿನವರು ತಾವಾಗಿಯೇ ಮಾತಿಗೆ ಬರುತ್ತಾರೆ, ನೀವು ಈಚೆಗೆ ಕುಡಿದದ್ದು ಯಾವುದೆಂದು ಕೇಳುತ್ತಾರೆ.