ಲ್ಯಾಕರ್ ಇಲ್ಲದೆ ಗಿಟಾರಿನ ಫಲಕಕ್ಕೆ ಮೆರುಗು

ವಿದ್ಯುತ್ ಗಿಟಾರಿನ ನಾದ ನಮ್ಮಲ್ಲಿ ಅನೇಕರಿಗೆ ಪರಿಚಯವಾದದ್ದು ರೇಡಿಯೋದಲ್ಲಿ ಕೇಳಿದ ಚಲನಚಿತ್ರ ಗೀತೆಗಳಿಂದ. ಯು. ಶ್ರೀನಿವಾಸರು ವಿದ್ಯುತ್ ಮ್ಯಾಂಡೊಲಿನ್ನನ್ನು ಕರ್ನಾಟಕ ಸಂಗೀತದ ವೇದಿಕೆಗೆ ತಂದ ಮೇಲೆ ಇಂಥ ವಾದ್ಯಗಳ ಮೇಲಿನ ಆದರ ಇನ್ನೂ ಹೆಚ್ಚಿತು. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಗಿಟಾರನ್ನು ತಾನೇ ಮಾಡಹೊರಟಿದ್ದರೆ, ಅದರ ಒಂದು ಪುಟ್ಟ ಭಾಗಕ್ಕೆ ಮೆರುಗು ಕೊಡುವ ಬಗೆಯನ್ನು ಇಲ್ಲಿ ನೋಡೋಣ.

ತಂತಿಗಳ ಕೆಳಗೆ, ಒಡಲಿನ ಮೇಲೆ ತಿರುಪುಮೊಳೆಗಳಿಂದ ಬಿಗಿದಿರುವ ತೆಳು ಫಲಕಕ್ಕೆ ಪಿಕ್‌ಗಾರ್ಡ್ ಎನ್ನುತ್ತಾರೆ. ತಂತಿ ಮೀಟುವ ಬಿಲ್ಲೆ ಒಡಲನ್ನು ಗೀಚದಂತೆ ಕಾಯುವುದು ಅದರ ಮೊದಲ ಕೆಲಸ. ಅಮೆರಿಕದ ಲಿಯೋ ಫೆಂಡರ್ ಅವರ ಸಂಸ್ಥೆ 1954ರಲ್ಲಿ ಹೊರತಂದ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನಲ್ಲಿ ಅದಕ್ಕೆ ಎರಡನೆಯ ಕೆಲಸವೂ ಬಂದಿತು: ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಮೂರು ಪಿಕಪ್‌ಗಳೂ ತಿರುಗುಗುಂಡಿಗಳೂ ಈ ಫಲಕಕ್ಕೇ ಜೋಡಣೆಯಾದವು.

ಕಾರ್ಖಾನೆಗಳಲ್ಲಿ ವಾದ್ಯಗಳಿಗೆ ಬಹುಕಾಲ ಬಳಸಿದ್ದು ನೈಟ್ರೋಸೆಲ್ಯುಲೋಸ್ ಲ್ಯಾಕರ್. 1920ರ ದಶಕದಲ್ಲಿ ಮೋಟಾರು ಗಾಡಿಗಳ ಬಣ್ಣವಾಗಿ ಬಳಕೆಗೆ ಬಂದ ಇದು ಬಹುಬೇಗ ಒಣಗುತ್ತದೆ. ಮನೆಗೆ ಮಾತ್ರ ಇದು ತಕ್ಕುದಲ್ಲ. ಸಿಂಪಡಿಸುವಾಗ ಏಳುವ ಆವಿ ಉಸಿರಿಗೆ ಕೆಟ್ಟದ್ದು. ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಅಡುಗೆಮನೆಯ ಒಲೆ ಹತ್ತು ಹೆಜ್ಜೆ ದೂರದಲ್ಲಿರುವ ಮನೆಯಲ್ಲಿ ಈ ಸಾಹಸ ಬೇಡ. ಕೆಲವು ಪ್ಲಾಸ್ಟಿಕ್ಕುಗಳ ಮೇಲೆ ಹಚ್ಚಿದರೆ ಅದರ ದ್ರಾವಕ ಹಾಳೆಯನ್ನೇ ತಿಂದುಬಿಡುವುದೂ ಉಂಟು.

ಫಲಕ ಮರದ್ದಾದರೆ ಸುಮಾರು 3 ಮಿಲಿಮೀಟರ್ ದಪ್ಪದ, ಚೆನ್ನಾಗಿ ಒಣಗಿದ ಹಲಗೆ ಸಾಕು. ರಂಧ್ರಗಳನ್ನೆಲ್ಲ ಮೊದಲೇ ಕೊರೆದು, 120, 220, 320ನೆಯ ನಂಬರಿನ ಉಪ್ಪುಕಾಗದದಿಂದ ಅನುಕ್ರಮವಾಗಿ, ಮರದ ಎಳೆಯ ದಿಕ್ಕಿನಲ್ಲೇ ಉಜ್ಜಿರಿ. ಬೀಟೆಯ ಧೂಳು ಕೆಲವರಿಗೆ ತುರಿಕೆ, ಕೆಮ್ಮು ತರುತ್ತದೆ. ಮೂಗುಬಾಯಿ ಮುಚ್ಚುವ ಮುಖಕವಚ ಧರಿಸಿಯೇ ಕೆಲಸ ಮಾಡಿ.

ಇಲ್ಲಿ ಒಂದು ಮುಖ್ಯ ಮಾತು. ಮೆರುಗನ್ನು ಫಲಕದ ಎರಡೂ ಮುಖಗಳಿಗೆ, ಅಂಚುಗಳಿಗೆ, ರಂಧ್ರಗಳ ಒಳಮೈಗೆ ಸಮನಾಗಿ ಹಚ್ಚಬೇಕು. ಮುಂಭಾಗಕ್ಕೆ ಮಾತ್ರ ಹಚ್ಚಿದರೆ ಮಳೆಗಾಲದಲ್ಲಿ ಹಿಂಭಾಗ ತೇವವನ್ನು ಹೆಚ್ಚಾಗಿ ಹೀರಿ ಹಿಗ್ಗುತ್ತದೆ, ಫಲಕ ಬಾಗುತ್ತದೆ. ಮರಕ್ಕೆ ಹಿಗ್ಗಲು ಎಡೆಯಿರುವಂತೆ ಮೊಳೆಯ ರಂಧ್ರಗಳೂ ಕೂದಲೆಳೆಯಷ್ಟು ದೊಡ್ಡದಾಗಿರಲಿ.

ಮೆರುಗಿಗೆ ಎರಡು ದಾರಿಗಳಿವೆ. ಮೊದಲನೆಯದು ನಮ್ಮ ಹಳೆಯ ಅರಗು. ಲ್ಯಾಕರ್ ಎಂಬ ಹೆಸರಿನ ಮೂಲವೂ ನಮ್ಮ ಲಾಕ್ಷಾ ಶಬ್ದವೇ. ಮರದ ಕೊಂಬೆಗಳ ಮೇಲೆ ಪುಟ್ಟ ಕೀಟಗಳು ಸ್ರವಿಸುವ ಈ ಅಂಟು ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣದ ಹೊಳಪು ಕೊಡುತ್ತದೆ. ಹಿಂದಿನ 78 ಸುತ್ತಿನ ಗ್ರಾಮಫೋನ್ ತಟ್ಟೆಗಳನ್ನು ಗಟ್ಟಿಯಾಗಿ ಹಿಡಿದದ್ದೂ ಇದೇ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೆ ಅದು ಕರಗಿ ಹರಡುತ್ತದೆ. ಚಪ್ಪಟೆ ಫಲಕವನ್ನು ಹಾಗೆ ತಿರುಗಿಸಲಾಗದು. ಆದ್ದರಿಂದ ಅರಗನ್ನು ಪಾಲಿಶ್ ಸ್ಪಿರಿಟ್ಟಿನಲ್ಲಿ ಕರಗಿಸಬೇಕು.

100 ಮಿಲಿಲೀಟರ್ ಸ್ಪಿರಿಟ್ಟಿಗೆ ಸುಮಾರು 20 ಗ್ರಾಂ ಅರಗಿನ ಹಕ್ಕಳೆ ಹಾಕಿ, ಗಾಜಿನ ಸೀಸೆಯಲ್ಲಿ ರಾತ್ರಿಯೆಲ್ಲ ಇಟ್ಟು, ಬಟ್ಟೆಯಲ್ಲಿ ಸೋಸಿರಿ. ಹಳೆಯ ಹತ್ತಿಬಟ್ಟೆಯೊಳಗೆ ಹತ್ತಿಯುಂಡೆ ಕಟ್ಟಿ, ಅದನ್ನು ಅದ್ದಿ, ಒಂದೇ ಎಳೆತಕ್ಕೆ ತೆಳ್ಳಗೆ ಸವರಿರಿ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಮುಂದಿನ ಲೇಪ. ಆರೆಂಟು ತೆಳುಲೇಪಗಳು ಎರಡು ದಪ್ಪ ಲೇಪಗಳಿಗಿಂತ ಮೇಲು. ಒಂದೆರಡು ದಿನ ಗಟ್ಟಿಯಾಗಲು ಬಿಟ್ಟು, ಜೇನುಮೇಣ ತಿಕ್ಕಿದರೆ ಬೆವರಿನಿಂದಲೂ ತಕ್ಕಮಟ್ಟಿನ ರಕ್ಷಣೆ ಸಿಕ್ಕುತ್ತದೆ. ಸ್ಪಿರಿಟ್ಟು ವಿಷ, ಬೆಂಕಿಗೂ ಸುಲಭ. ಕಿಟಕಿ ತೆರೆದಿರಲಿ, ದೀಪ ಒಲೆಗಳು ದೂರವಿರಲಿ.

ಎರಡನೆಯದು ಎಣ್ಣೆ. ಕೊಬ್ಬರಿ, ಕಡಲೆಕಾಯಿ ಎಣ್ಣೆಗಳು ಎಂದೂ ಒಣಗಿ ಗಟ್ಟಿಯಾಗವು. ಜಿಡ್ಡಾಗಿ ಉಳಿದು ಕಮಟು ವಾಸನೆ ಬರುತ್ತದೆ. ಇದಕ್ಕೆ ಬೇಕಾದದ್ದು ಬಣ್ಣದಂಗಡಿಯಲ್ಲಿ ಸಿಗುವ, ಕಾಯಿಸಿದ್ದೆಂದು ಕರೆಯುವ ಅಗಸೆ ಎಣ್ಣೆ. ಸವರಿ, ಹದಿನೈದು ನಿಮಿಷ ಬಿಟ್ಟು, ಉಳಿದುದನ್ನು ಪೂರ್ಣ ಒರಸಿ, ಒಂದು ದಿನ ಒಣಗಿಸಿರಿ. ಹೀಗೆ ಮೂರು ನಾಲ್ಕು ಸಲ. ಬೀಟೆಗೆ ಮಾತ್ರ ಈ ದಾರಿ ಬೇಡ. ಆ ಮರದಲ್ಲಿನ ಸಹಜ ದ್ರವ್ಯಗಳು ಎಣ್ಣೆ ಒಣಗುವುದನ್ನು ತಡೆಯುತ್ತವೆ. ಬೀಟೆಗೆ ಅರಗೇ ಒಳ್ಳೆಯದು.

ಎಣ್ಣೆ ಒರಸಿದ ಬಟ್ಟೆಯನ್ನು ಎಂದಿಗೂ ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಒಣಗುವಾಗ ಬಿಸಿಯೇಳುತ್ತದೆ. ಮುದ್ದೆಯೊಳಗೆ ಆ ಬಿಸಿ ಸೇರಿ, ಕಿಡಿಯಿಲ್ಲದೆಯೇ ಬಟ್ಟೆ ಹೊತ್ತಿಕೊಳ್ಳಬಲ್ಲದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1991ರ ಫೆಬ್ರವರಿಯಲ್ಲಿ 38 ಅಂತಸ್ತಿನ ಕಟ್ಟಡವೊಂದಕ್ಕೆ ಬೆಂಕಿ ಬಿದ್ದದ್ದು ಇಂಥ ಬಟ್ಟೆಗಳಿಂದಲೇ. ಮೂವರು ಅಗ್ನಿಶಾಮಕರು ಅದರಲ್ಲಿ ಪ್ರಾಣ ತೆತ್ತರು. ಬಟ್ಟೆಯನ್ನು ಹೊರಗೆ ಒಂದೇ ಪದರಾಗಿ ಹರಡಿ ಒಣಗಿಸಿ. ಇಲ್ಲವೆ ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ.

ಫಲಕ ಅಕ್ರಿಲಿಕ್ ಹಾಳೆಯದಾದರೆ ಲೇಪವೇ ಬೇಡ. ಅಂಚನ್ನು ಅರದಿಂದ ಸಮಮಾಡಿ, 400ರಿಂದ 2000ದವರೆಗಿನ ನೀರುಕಾಗದದಲ್ಲಿ ನೀರು ಹಾಕುತ್ತ ಉಜ್ಜಿ, ಕೊನೆಗೆ ಪಾಲಿಶ್ ಮುದ್ದೆಯಿಂದ ತಿಕ್ಕಿದರೆ ತಾನೇ ಹೊಳೆಯುತ್ತದೆ. ಅದಕ್ಕೆ ಸ್ಪಿರಿಟ್ಟು ತಾಗಿಸಬೇಡಿ, ಸಣ್ಣ ಬಿರುಕುಗಳೇಳುತ್ತವೆ.

ಮೆರುಗು ಪೂರ್ಣ ಒಣಗಿದ ಮೇಲೆ ಫಲಕದ ಹಿಂಬದಿಗೆ ತಾಮ್ರದ ತೆಳುಹಾಳೆ ಅಂಟಿಸಿ, ಅದನ್ನು ಗಿಟಾರಿನ ಭೂತಂತಿಗೆ ಬೆಸುಗೆ ಹಾಕಿರಿ. ಟ್ಯೂಬ್‌ಲೈಟ್ ಹತ್ತಿಸಿದಾಗ ರೇಡಿಯೋದಲ್ಲಿ ಗೊರಗೊರ ಕೇಳಿದ್ದೀರಲ್ಲವೆ? ಅದೇ ಕಾಟ ಪಿಕಪ್‌ಗಳಿಗೂ ಉಂಟು. ಈ ಹಾಳೆ ಅದನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ನಾದ ಒಯ್ಯುವ ತಂತಿಯ ತುದಿ ಮಾತ್ರ ಹಾಳೆಗೆ ತಾಗಕೂಡದು. ತಾಗಿದರೆ ಗಿಟಾರು ಮೂಕವಾಗುತ್ತದೆ.