ವಾರ್ಡಿನ ಕಿಟಕಿಯನ್ನು ಮುಚ್ಚುವವರಾರು?

ಅಸ್ವಸ್ಥರನ್ನು ಸಂದರ್ಶಿಸುವುದು ನಮ್ಮ ಕುಟುಂಬಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಸತ್ಕಾರ್ಯ. ನಮ್ಮ ಅನೇಕ ಮನೆಗಳ ಹೆಣ್ಣುಮಕ್ಕಳು ದಾದಿಯರಾಗಿ ದುಡಿಯುತ್ತಿದ್ದಾರೆ. ಆದುದರಿಂದ ಆಸ್ಪತ್ರೆಯ ಗಾಳಿಯ ವಿಚಾರ ನಮಗೆ ಹೊರಗಿನದಲ್ಲ.

ತತ್ತ್ವಶಾಸ್ತ್ರ ಓದಿದವರಿಗೆ ವಿಯೆನ್ನಾದ ವೈದ್ಯ ಸೆಮ್ಮೆಲ್ವೈಸ್ ಪರಿಚಿತರು. ಊಹೆಯೊಂದನ್ನು ಪರೀಕ್ಷೆಗೊಡ್ಡುವ ಬಗೆಗೆ ದಾರ್ಶನಿಕ ಕಾರ್ಲ್ ಹೆಂಪೆಲ್ 1966ರ ತಮ್ಮ ಗ್ರಂಥದಲ್ಲಿ ಅವರನ್ನೇ ನಿದರ್ಶನವಾಗಿ ಕೊಟ್ಟಿದ್ದಾರೆ. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ಬಾಣಂತಿಯರು ಜ್ವರದಿಂದ ಸತ್ತರೆ, ಎರಡನೆಯದರಲ್ಲಿ ಸತ್ತವರು 3ಕ್ಕಿಂತ ಕಡಿಮೆ. ಕಾರಣವೇನು? ಮರಣಾಸನ್ನರಿಗೆ ಪರಮಪ್ರಸಾದ ಕೊಂಡೊಯ್ಯುವ ಗುರುಗಳು ಗಂಟೆಯ ನಾದದೊಂದಿಗೆ ಮೊದಲನೆಯ ವಿಭಾಗದ ನಡುವಿನಿಂದಲೇ ಹಾದುಹೋಗುತ್ತಿದ್ದುದರಿಂದ ಬಾಣಂತಿಯರು ಭಯಪಟ್ಟು ಸಾಯುತ್ತಾರೆಂಬ ವಾದವೂ ಇತ್ತು! ಸೆಮ್ಮೆಲ್ವೈಸ್ ಗುರುಗಳನ್ನು ಗಂಟೆಯಿಲ್ಲದೆ, ಸುತ್ತುದಾರಿಯಿಂದ ಕಳುಹಿಸಿ ನೋಡಿದರು. ಸಾವು ಕಡಿಮೆಯಾಗಲಿಲ್ಲ. ಕೊನೆಗೆ, ಶವ ಕೊಯ್ದ ಕೈಯಿಂದಲೇ ವಿದ್ಯಾರ್ಥಿಗಳು ಹೆರಿಗೆ ಮಾಡಿಸುವುದು ಕಾರಣವೆಂದು ತಿಳಿದು, 1847ರಲ್ಲಿ ಕ್ಲೋರಿನ್ ಬೆರೆತ ದ್ರಾವಣದಲ್ಲಿ ಕೈ ತೊಳೆಯುವಂತೆ ವಿಧಿಸಿದರು. ಸಾವು ಇಳಿಯಿತು.

ಹೀಗೆ ಕೈ ಶುದ್ಧವಾಯಿತು. ಆದರೆ ಗಾಳಿ ಮರೆತುಹೋಯಿತು. ಕೆಟ್ಟ ಗಾಳಿಯೇ ಸಕಲ ರೋಗಗಳಿಗೂ ಮೂಲವೆಂಬ ಹಳೆಯ ಸಿದ್ಧಾಂತ ಬಿದ್ದಾಗ, ಅದರೊಳಗಿದ್ದ ಸತ್ಯಾಂಶವೂ ಜೊತೆಗೆ ಬಿದ್ದಿತು. ಅಮೆರಿಕದ ಚಾರ್ಲ್ಸ್ ಚಾಪಿನ್ 1910ರಲ್ಲಿ ಬರೆದ ಗ್ರಂಥ ಗಾಳಿಯ ಮೂಲಕ ರೋಗ ಹರಡುವುದನ್ನು ಬಹುಮಟ್ಟಿಗೆ ತಳ್ಳಿಹಾಕಿತು. ವೈದ್ಯಲೋಕ ದೀರ್ಘಕಾಲ ಅದನ್ನೇ ನಂಬಿತು.

ಇದನ್ನು ಅಲುಗಾಡಿಸಿದ್ದು ಗಿನಿಯಿಲಿಗಳು. 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರ್ ನಗರದಲ್ಲಿ ವಿಲಿಯಂ ವೆಲ್ಸ್ ಮತ್ತು ರಿಚರ್ಡ್ ರೈಲಿ ಎಂಬ ವಿಜ್ಞಾನಿಗಳು ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯ ಮೂಲಕ ಗಿನಿಯಿಲಿಗಳ ಕೋಣೆಗೆ ಹರಿಸಿದರು. ಇಲಿಗಳು ರೋಗಿಗಳನ್ನು ಕಾಣಲಿಲ್ಲ, ಮುಟ್ಟಲಿಲ್ಲ, ಅವರೊಡನೆ ಉಣ್ಣಲಿಲ್ಲ, ಗಾಳಿಯನ್ನಷ್ಟೇ ಉಸಿರಾಡಿದವು. ಆದರೂ ಅನೇಕ ಇಲಿಗಳಿಗೆ ಕ್ಷಯ ತಗಲಿತು. ಅದೇ ಗಾಳಿಯನ್ನು ನೇರಳಾತೀತ ಬೆಳಕಿನಲ್ಲಿ ಹಾಯಿಸಿ ಬಿಟ್ಟ ಇನ್ನೊಂದು ಕೋಣೆಯ ಇಲಿಗಳಿಗೆ ತಗಲಲಿಲ್ಲ.

ನಮ್ಮ ಮನೆಗಳಲ್ಲಿ ನಡೆಯುವುದೇನು? ಕ್ಷಯ ಬಂದ ಸೊಸೆಯ ತಟ್ಟೆ, ಲೋಟ ಬೇರೆಯಿಡುತ್ತಾರೆ. ಥಂಡಿ ತಗಲೀತೆಂದು ಕಿಟಕಿ ಮುಚ್ಚುತ್ತಾರೆ. ತಟ್ಟೆಯಿಂದ ಕ್ಷಯ ಹರಡುವುದಿಲ್ಲ, ಮುಚ್ಚಿದ ಕೋಣೆಯಲ್ಲಿ ಹರಡುತ್ತದೆ. ಅನ್ಯಾಯವೂ ಆಯಿತು, ಅಪಾಯವೂ ಉಳಿಯಿತು. ಸರಿಯಾದ ಔಷಧ ಆರಂಭವಾದ ಮೇಲೆ ರೋಗ ಹರಡುವ ಶಕ್ತಿ ಬೇಗನೆ ಕುಗ್ಗುತ್ತದೆಂಬುದನ್ನೂ ಬಂಧುಗಳು ಅರಿಯಬೇಕು.

ದುಬಾರಿ ಯಂತ್ರವೇ ಪರಿಹಾರವೆಂದು ಭಾವಿಸಬೇಕಾಗಿಲ್ಲ. ಪೆರು ದೇಶದ ಲಿಮಾ ನಗರದ ಎಂಟು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಯಂತ್ರದಿಂದ ಗಾಳಿ ಬದಲಿಸುವ ಕೋಣೆಗಳಲ್ಲಿ ಗಂಟೆಗೆ ಸುಮಾರು 12 ಬಾರಿ ಗಾಳಿ ಬದಲಾಗುತ್ತಿದ್ದರೆ, ಕಿಟಕಿ ಬಾಗಿಲು ತೆರೆದ ಕೋಣೆಗಳಲ್ಲಿ 28 ಬಾರಿ ಬದಲಾಗುತ್ತಿತ್ತು. ಎತ್ತರದ ಛಾವಣಿ, ದೊಡ್ಡ ಕಿಟಕಿಗಳುಳ್ಳ, 1950ಕ್ಕೂ ಮುಂಚಿನ ಕಟ್ಟಡಗಳೇ ಹೊಸವುಗಳಿಗಿಂತ ಮೇಲಾಗಿದ್ದವು. ನಮ್ಮ ಹಳೆಯ ಮಿಷನ್ ಆಸ್ಪತ್ರೆಗಳ ಉದ್ದನೆಯ ವರಾಂಡಗಳನ್ನು ಬಲ್ಲವರಿಗೆ ಇದು ಅಚ್ಚರಿಯೆನಿಸದು. ಅವುಗಳಿಗೆ ಗಾಜು ಕೂರಿಸಿ ಎ.ಸಿ. ಹಾಕುವುದನ್ನು ಪ್ರಗತಿಯೆಂದು ಕರೆಯಲು ನನಗೆ ಮನಸ್ಸಿಲ್ಲ. ಗೋಡೆಗೆ ತಗಲಿಸುವ ಸಾಮಾನ್ಯ ಎ.ಸಿ. ಒಳಗಿನ ಗಾಳಿಯನ್ನೇ ತಂಪಾಗಿಸಿ ಸುತ್ತಿಸುತ್ತದೆ. ಕಿಟಕಿ ಮುಚ್ಚಿದ್ದರೆ ಫ್ಯಾನಿನ ಕಥೆಯೂ ಅಷ್ಟೆ.

ಇದು ಎಲ್ಲೆಡೆ ಸಲ್ಲುವ ಮಾತಲ್ಲ. ಶಸ್ತ್ರಚಿಕಿತ್ಸೆಯ ಕೊಠಡಿಗೆ, ಸುಟ್ಟಗಾಯದ ರೋಗಿಗಳಿಗೆ ಸೋಸಿದ ಗಾಳಿಯೇ ಬೇಕು. ಕ್ಷಯರೋಗಿಯ ಕಿಟಕಿ ಬಯಲಿಗೆ ತೆರೆಯಬೇಕೇ ಹೊರತು ಜನ ಕುಳಿತಿರುವ ಓಣಿಗಲ್ಲ.

ಸಂದರ್ಶಕರಿಗೆ ಒಂದೆರಡು ಮಾತು. ಹತ್ತು ಮಂದಿ ಒಮ್ಮೆಗೇ ಹಾಸಿಗೆಯನ್ನು ಸುತ್ತುವರಿದು ಪ್ರಾರ್ಥಿಸುವ ಬದಲು ಇಬ್ಬರು ಒಳಹೋಗಲಿ, ಉಳಿದವರು ವರಾಂಡದಲ್ಲಿ ಪ್ರಾರ್ಥಿಸಲಿ. ಕೆಮ್ಮುವವರು ಬಾಯಿಗೆ ಮಾಸ್ಕ್ ಧರಿಸಲಿ. ಕಿಟಕಿ ತೆರೆದಿರಲೆಂದು ದಾದಿ ಹೇಳಿದಾಗ ಆಕೆಯೊಡನೆ ವಾದಕ್ಕಿಳಿಯಬೇಡಿ. ನೀವು ಹೊರಟ ಮೇಲೂ ಆಕೆ ಅದೇ ಗಾಳಿಯಲ್ಲಿ ರಾತ್ರಿಯಿಡೀ ಇರಬೇಕಾಗಿದೆ. ಮಳೆಯ ಇರಚಲಿಗೆ ಕಿಟಕಿಯ ಮೇಲೊಂದು ಇಳಿಮಾಡು, ಸೊಳ್ಳೆಗೆ ಜಾಲರಿ ಹಾಕಿಸಲು ಹೆಚ್ಚು ಹಣ ಬೇಕಾಗದು.