ಗೇಣು ಜಾಗದ ಗಾರುಡಿ

ಮೈಲುತುತ್ತ ಗೊತ್ತಲ್ಲ? ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಸುಣ್ಣದ ಜೊತೆ ಸೇರಿಸಿ, ಬೋರ್ಡೋ ದ್ರಾವಣ ಮಾಡಿ, ಕೊಳೆರೋಗ ಬಾರದಂತೆ ಅಡಿಕೆ ಕೊನೆಗೆ ಹೊಡೆಯುತ್ತಾರಲ್ಲ, ಅದೇ ನೀಲಿ ಹರಳು. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಕಾರ್ಲೋಸ್ ಬಲ್ಯಾರೆ, ಆನಾ ಸ್ಕೋಪೆಲ್ ಮತ್ತು ರೊಡಾಲ್ಫೋ ಸಾಂಚೆಜ್ ಎಂಬ ಮೂವರು ಅದನ್ನು ನೀರಿನಲ್ಲಿ ಕರಗಿಸಿ, ಪಾರದರ್ಶಕ ಬಳೆಗಳಲ್ಲಿ ತುಂಬಿ, ಎಳೆ ಗಿಡಗಳ ಕಾಂಡಕ್ಕೆ ತೊಡಿಸಿದರು! ಒಂದು ಬಿಳಿ ಸಾಸಿವೆ, ಇನ್ನೊಂದು ದತ್ತೂರಿಯ ಒಂದು ಜಾತಿ. ಕೆಲವಕ್ಕೆ ನೀಲಿ ನೀರಿನ ಬಳೆ, ಉಳಿದವಕ್ಕೆ ಬರೀ ನೀರಿನ ಬಳೆ. ಸುತ್ತಲೂ ನೆರೆಯ ಗಿಡಗಳು. ಆದರೆ ಒಂದರ ನೆರಳು ಇನ್ನೊಂದರ ಮೇಲೆ ಬೀಳುವಷ್ಟು ಯಾವುವೂ ಬೆಳೆದಿರಲಿಲ್ಲ.

ಬರೀ ನೀರಿನ ಬಳೆ ತೊಟ್ಟವು ಸರಸರನೆ ಉದ್ದಕ್ಕೆ ಏರಿದವು. ನೀಲಿ ಬಳೆಯವು ಪಕ್ಕದಲ್ಲಿ ಯಾರೂ ಇಲ್ಲವೇನೋ ಎಂಬಂತೆ ಹಾಯಾಗಿ ಕುಳ್ಳಗೇ ಉಳಿದವು.

ಅಂದರೆ ಎಲೆಗೆ ಎಲೆ ತಾಗುವ ಮೊದಲೇ, ನೆರಳು ಬೀಳುವ ಮೊದಲೇ, ಪಕ್ಕದಲ್ಲೊಂದು ಗಿಡವಿದೆ ಎಂದು ಗಿಡಕ್ಕೆ ಗೊತ್ತಾಗುತ್ತದೆ! 1990ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ನಾವು ಹಗ್ಗ ಹಿಡಿದು, ಗೇಣು ಹಾಕಿ, ಸಸಿಗೂ ಸಸಿಗೂ ನಡುವೆ ಎಷ್ಟು ಬಿಡಲಿ ಎಂದು ತಲೆ ಕೆರೆದುಕೊಳ್ಳುತ್ತಿರುವಾಗ ಸಸಿ ತಾನೇ ಆ ಜಾಗವನ್ನು ಅಳೆಯುತ್ತಿರುತ್ತದೆ.

ಅಳತೆಗೋಲು ಬೆಳಕು. ಎಲೆ ತನ್ನ ಅಡುಗೆಗೆಂದು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಕೆಂಪಿನಾಚೆ ಇನ್ನೊಂದು ಕೆಂಪಿದೆ. ನಮ್ಮ ಕಣ್ಣಿಗೆ ಅದು ಕಾಣುವುದೇ ಕಷ್ಟ. ಅದು ಎಲೆಗೆ ಬೇಡ, ಹಾಗಾಗಿ ಬಹುಪಾಲು ಹೊರಕ್ಕೆ ಚೆಲ್ಲಿಬಿಡುತ್ತದೆ. ಬಯಲಿನ ಬಿಸಿಲಿನಲ್ಲಿ ಈ ಎರಡೂ ಹೆಚ್ಚುಕಡಿಮೆ ಸಮ. ಹಸಿರಿನ ಹತ್ತಿರ ಹೋದಂತೆ ಆಚೆಯ ಕೆಂಪಿನದೇ ಮೇಲುಗೈ. ಗಿಡದೊಳಗಿನ ಫೈಟೋಕ್ರೋಮ್ ಎಂಬ ಪ್ರೋಟೀನು ಈ ಏರುಪೇರನ್ನು ಓದುತ್ತದೆ. ಮೈಲುತುತ್ತದ ನೀರು ಆಚೆಯ ಕೆಂಪನ್ನು ತಡೆಯುತ್ತದೆ, ಆದ್ದರಿಂದಲೇ ಬಳೆ ತೊಟ್ಟ ಕಾಂಡಕ್ಕೆ ನೆರೆಮನೆ ಕಾಣಲಿಲ್ಲ. ಈ ಪ್ರೋಟೀನಿನ ಸುಳಿವು ಕೊಟ್ಟದ್ದು ಲೆಟಿಸ್ ಬೀಜ. ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು 1952ರ ಸುಮಾರಿಗೆ ನೆನೆದ ಬೀಜಗಳಿಗೆ ಕೆಂಪು ಬೆಳಕು ತೋರಿಸಿದರೆ ಮೊಳಕೆ. ಅದರ ಮೇಲೆ ಆಚೆಯ ಕೆಂಪು ತೋರಿಸಿದರೆ ಮೊಳಕೆಯಿಲ್ಲ. ಎಷ್ಟು ಸಲ ಅದಲುಬದಲು ಮಾಡಿದರೂ ಕೊನೆಗೆ ಬಿದ್ದ ಬೆಳಕಿನ ಮಾತೇ ನಡೆಯುತ್ತಿತ್ತು!

ಈಗ ಒತ್ತಾಗಿ ಚೆಲ್ಲಿದ ಮೂಲಂಗಿ ಮಡಿಯನ್ನು ನೋಡಿ. ಸೊಪ್ಪು ಮೊಣಕಾಲುದ್ದ, ಕಿತ್ತರೆ ಕೆಳಗೆ ಇಲಿಬಾಲ. ಗೊಬ್ಬರ ಸಾಲದೆ ಹೋಯಿತು ಎನ್ನುತ್ತೇವೆ. ಅದೂ ಇರಬಹುದು, ಆದರೆ ಪೈಪೋಟಿಯ ಸುಳಿವು ಸಿಕ್ಕ ಗಿಡ ತನ್ನ ಗಳಿಕೆಯನ್ನು ಬೇರಿಗೆ ಕೊಡದೆ ಎತ್ತರಕ್ಕೆ ಸುರಿಯುತ್ತದೆ. ಪ್ರೋಟ್ರೇಯಲ್ಲಿ ನಾಟಿ ತಡವಾದ ಟೊಮ್ಯಾಟೊ ಸಸಿ ಕಡ್ಡಿಯಾಗುವುದೂ ಇದೇ ಲೆಕ್ಕ. ಕಳೆ ಸಣ್ಣದಿದೆ, ಆಮೇಲೆ ಕೀಳೋಣ ಅನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು: ಕಳೆಯ ಹಸಿರೂ ಅದೇ ಬೆಳಕನ್ನು ಚೆಲ್ಲುತ್ತದೆ.

ಹಾಗಾದರೆ ಎಷ್ಟು ದೂರ? ಈ ಸಾದಾ ಪ್ರಶ್ನೆಗೆ ಉತ್ತರ ಹುಡುಕಲು ಹೊಲದಲ್ಲಿ ಒಂದು ಚಕ್ರವನ್ನೇ ನೆಟ್ಟ ಗಣಿತಗಾರನಿದ್ದ!

ಇಂಗ್ಲೆಂಡಿನ ವೆಲ್ಸ್‌ಬೋರ್ನ್‌ನಲ್ಲಿ 1949ರಲ್ಲಿ ತರಕಾರಿಗೆಂದೇ ಒಂದು ರಾಷ್ಟ್ರೀಯ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿನ ಸಂಖ್ಯಾಶಾಸ್ತ್ರಜ್ಞ ಜಾನ್ ನೆಲ್ಡರ್. ಹತ್ತು ಬಗೆಯ ಅಂತರ ಪರೀಕ್ಷಿಸಬೇಕೆಂದರೆ ಹತ್ತು ಮಡಿ ಬೇಕು. ಅಂಚಿನ ಗಿಡಕ್ಕೆ ಬೆಳಕು ಹೆಚ್ಚು ಸಿಗುವುದರಿಂದ ಪ್ರತಿ ಮಡಿಯ ಸುತ್ತ ಲೆಕ್ಕಕ್ಕೆ ಬಾರದ ಕಾವಲು ಸಾಲುಗಳೂ ಬೇಕು. ಹೊಲದ ದೊಡ್ಡ ಪಾಲು ಕಾವಲಿಗೇ ಹೋಯಿತು! ನೆಲ್ಡರ್ 1962ರಲ್ಲಿ ಇದಕ್ಕೊಂದು ಉಪಾಯ ಪ್ರಕಟಿಸಿದ: ನಡುಬಿಂದುವಿನಿಂದ ಸುತ್ತಲೂ ಚಕ್ರದ ಅರಗಳಂತೆ ಗೆರೆ ಎಳೆಯಿರಿ, ಪ್ರತಿ ಗೆರೆಯ ಮೇಲೂ ಹೊರಗೆ ಹೋದಂತೆ ಒಂದೇ ಪ್ರಮಾಣದಲ್ಲಿ ಅಂತರ ಹಿಗ್ಗಿಸುತ್ತ ಗಿಡ ನೆಡಿ. ಒಳಗೆ ಕಿಕ್ಕಿರಿದ ಗಿಡಗಳು, ಹೊರಗೆ ವಿಶಾಲ. ಪ್ರತಿ ಗಿಡದ ಪಾಲಿನ ನೆಲದ ಆಕಾರ ಒಂದೇ, ವಿಸ್ತೀರ್ಣ ಮಾತ್ರ ಉಂಗುರದಿಂದ ಉಂಗುರಕ್ಕೆ ಹೆಚ್ಚುತ್ತದೆ. ಕಾವಲಿಗೆ ತೀರಾ ಒಳಗಿನ ಮತ್ತು ತೀರಾ ಹೊರಗಿನ ಉಂಗುರ ಸಾಕು. ಎಷ್ಟೋ ಮಡಿಗಳ ಪ್ರಯೋಗ ಒಂದೇ ಚಕ್ರದಲ್ಲಿ! ನೆಡುತೋಪು ಬೆಳೆಸುವವರು ಮರಗಳ ಅಂತರ ತಿಳಿಯಲು ಈಗಲೂ ನೆಲ್ಡರ್ ಚಕ್ರ ನೆಡುತ್ತಾರೆ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಅದೇ ತರಕಾರಿ ಕೇಂದ್ರದಲ್ಲಿದ್ದಾಗ ನೆಲ್ಡರ್ ಮತ್ತು ರೋಜರ್ ಮೀಡ್ 1965ರಲ್ಲಿ ಒಂದು ಲೆಕ್ಕಾಚಾರದ ಕ್ರಮವನ್ನು ಪ್ರಕಟಿಸಿದರು. ಇಂದು ಬೆಂಗಳೂರಿನಲ್ಲಿ ಕೂತು ಪೈಥಾನ್ ಬರೆಯುವ ಹುಡುಗಿ ‘ನೆಲ್ಡರ್-ಮೀಡ್’ ಎಂದು ಒತ್ತಿದಾಗ ಕಂಪ್ಯೂಟರು ಓಡಿಸುವುದು ಅದನ್ನೇ. ಕೋಸು, ಕ್ಯಾರೆಟ್ಟುಗಳ ಊರಿನಿಂದ ಬಂದದ್ದು ಅದು ಎಂದು ಎಷ್ಟು ಜನ ಇಂಜಿನಿಯರುಗಳಿಗೆ ಗೊತ್ತು!

ಇಷ್ಟೆಲ್ಲ ಅಳೆದಾಗ ಕಂಡದ್ದೇನು? ನನಗೆ ಎಲ್ಲಕ್ಕಿಂತ ಬೆರಗಿನದು ಇದೇ. ಜಪಾನಿನ ಒಸಾಕಾದಲ್ಲಿ ತಾತುವೊ ಕಿರಾ ಮತ್ತು ಸಂಗಡಿಗರು 1950ರ ದಶಕದಲ್ಲಿ ತೋರಿಸಿದಂತೆ, ಒಂದು ಮಿತಿ ದಾಟಿದ ಮೇಲೆ ಎಷ್ಟೇ ಗಿಡ ತುರುಕಿದರೂ ಆ ನೆಲದಿಂದ ಬರುವ ಒಟ್ಟು ತೂಕ ಅಷ್ಟೇ. ಗಿಡಕ್ಕೆ ಸಿಗುವ ಪಾಲು ಮಾತ್ರ ಕುಗ್ಗುತ್ತದೆ. ಇನ್ನೂ ಒತ್ತಿದರೆ ಕೆಲವು ಸಾಯುತ್ತವೆ, ಅದಕ್ಕೂ ಲೆಕ್ಕವಿದೆ! 1963ರಲ್ಲಿ ಯೋದಾ ಮತ್ತು ಆ ಬಳಗ ಕೊಟ್ಟ ಸೂತ್ರದಂತೆ, ನಾಲ್ಕರಲ್ಲಿ ಒಂದೇ ಗಿಡ ಉಳಿಯುವ ಹೊತ್ತಿಗೆ ಉಳಿದದ್ದರ ಸರಾಸರಿ ತೂಕ ಎಂಟು ಪಟ್ಟು ಆಗಿರುತ್ತದೆ.

ಆದ್ದರಿಂದ ಅಂತರವೆಂದರೆ ಗಾತ್ರದ ತಿರುಗುಗುಂಡಿ. ನಮ್ಮಲ್ಲಿ ಈರುಳ್ಳಿಗೆ ಸಾಮಾನ್ಯವಾಗಿ ಹೇಳುವುದು ಸಾಲಿಗೆ 15, ಗಿಡಕ್ಕೆ 10 ಸೆಂ.ಮೀ. ಅಂದರೆ ಒಂದು ಚದರ ಮೀಟರಿಗೆ ಸುಮಾರು 67 ಗಿಡ. ಅಂತರ ಹೆಚ್ಚಿಸಿದರೆ ಗಡ್ಡೆ ದಪ್ಪವಾಗುತ್ತದೆ, ಎಣಿಕೆ ಇಳಿಯುತ್ತದೆ. ಕುಗ್ಗಿಸಿದರೆ ಸಾಂಬಾರಿಗೆ ಇಡಿಯಾಗಿ ಹಾಕುವ ಗಾತ್ರಕ್ಕೆ ಬರುತ್ತದೆ. ವೆಲ್ಸ್‌ಬೋರ್ನ್‌ನವರು ಹೂಕೋಸನ್ನು 15 ಸೆಂ.ಮೀ. ಚೌಕಕ್ಕೆ ಒಂದರಂತೆ ನೆಟ್ಟು, ಒಬ್ಬರ ತಟ್ಟೆಗೆ ಒಂದು ಎನ್ನುವಂಥ ಪುಟಾಣಿ ಹೂಗಳನ್ನು ಬೆಳೆದರು. ಬೀಜದ ಪೊಟ್ಟಣದ ಮೇಲಿನ ಅಂತರದ ಅಂಕಿ ಮಾರುಕಟ್ಟೆಯ ಗಾತ್ರಕ್ಕೆ ಹೊಂದಿದ್ದು, ನಿಮ್ಮ ಅಡುಗೆಮನೆಯನ್ನು ಅದು ಕೇಳಿಲ್ಲ. ಆದರೆ ಬೀನ್ಸ್, ಟೊಮ್ಯಾಟೊದಂತೆ ಕಾಯಿ ಬೇಕಾದಲ್ಲಿ ಈ ಧೈರ್ಯ ನಡೆಯದು. ತೀರಾ ಒತ್ತಾದರೆ ಸೊಪ್ಪಿನ ತೂಕ ಉಳಿದರೂ ಕಾಯಿ ಇಳಿಯುತ್ತದೆ. ಮಳೆಗಾಲದಲ್ಲಿ ಗಾಳಿಯಾಡದ ಟೊಮ್ಯಾಟೊ ಸಾಲಿಗೆ ಅಂಗಮಾರಿ ಬಂದು ಕೂರುವುದು ಬೇರೆ.

ಹಾವೇರಿ ಕಡೆಯ ಗುಳಿ ರಾಗಿ ಬೆಳೆಗಾರರು ಈ ಗುಂಡಿಯನ್ನು ಆಚೆ ತುದಿಗೆ ತಿರುಗಿಸಿದವರು. ಒಂದೂವರೆ ಅಡಿಗೊಂದು ಗುಳಿ, ಗುಳಿಗೆ ಒಂದೆರಡೇ ಪೈರು. ಖಾಲಿ ಕಂಡ ಹೊಲವನ್ನು ತೆಂಡೆಗಳು ಒಡೆದು ತುಂಬಿಬಿಡುತ್ತವೆ.

ಇನ್ನು ನೆಲದ ಕೆಳಗೆ? ಅಲ್ಲಿ ಅಂತರ ಅನ್ನುವುದೇ ಇಲ್ಲ! ಅಮೆರಿಕದ ನೆಬ್ರಾಸ್ಕಾದಲ್ಲಿ ಜಾನ್ ವೀವರ್ ತರಕಾರಿ ಗಿಡಗಳ ಪಕ್ಕ ಆಳವಾದ ಕಂದಕ ತೋಡಿ, ಮಣ್ಣನ್ನು ನಾಜೂಕಾಗಿ ಕೆದರಿ, ಬೇರು ಬೇರನ್ನೂ ಬಿಡಿಸಿ, ಅಳತೆ ತಪ್ಪದಂತೆ ಚಿತ್ರ ಬರೆಸಿದ. 1927ರಲ್ಲಿ ಬ್ರೂನರ್ ಜೊತೆ ಅದನ್ನು ಪುಸ್ತಕ ಮಾಡಿದ. ಕೋಸಿನ ಬೇರು ಎಲೆಗಳ ಹರವನ್ನು ದಾಟಿ ಪಕ್ಕದ ಗಿಡದ ಬುಡಕ್ಕೂ ಹೋಗಿರುತ್ತದೆ. ಹನಿ ನೀರಾವರಿ, ಗೊಬ್ಬರ ಎರಡೂ ಇದ್ದಲ್ಲಿ ಹತ್ತಿರ ನೆಟ್ಟು ಗೆಲ್ಲಬಹುದು. ಮಳೆಯನ್ನೇ ನಂಬಿದ ಹೊಲದಲ್ಲಿ ಬೇರುಗಳ ಕಿತ್ತಾಟ ಮೊದಲು ಶುರುವಾಗುತ್ತದೆ, ಅಲ್ಲಿ ಕೈ ಬಿಗಿಹಿಡಿಯದೆ ಜಾಗ ಬಿಡಬೇಕು.

ಅಂತರವನ್ನು ಒಂದಿಷ್ಟೂ ಕುಗ್ಗಿಸದೆ ಗಿಡ ಹೆಚ್ಚಿಸುವ ದಾರಿಯೂ ಒಂದಿದೆ. ಕೋಸನ್ನು 45 ಸೆಂ.ಮೀ. ಚೌಕದಲ್ಲಿ ನೆಡುವ ಬದಲು ಒಂದು ಬಿಟ್ಟು ಒಂದು ಸಾಲನ್ನು ಅರ್ಧ ಅಂತರ ಪಕ್ಕಕ್ಕೆ ಸರಿಸಿ, ಸಾಲುಗಳನ್ನು 39 ಸೆಂ.ಮೀ.ಗೆ ತನ್ನಿ. ಪ್ರತಿ ಗಿಡಕ್ಕೂ ಸುತ್ತ ಆರು ನೆರೆ, ಆರೂ 45 ಸೆಂ.ಮೀ. ದೂರದಲ್ಲೇ. ನೂರು ಹಿಡಿಯುತ್ತಿದ್ದ ನೆಲದಲ್ಲಿ ಈಗ ಸುಮಾರು 115! ಸಣ್ಣ ಮಡಿಯಲ್ಲಿ ಅಂಚಿಗೆ ಅರ್ಧರ್ಧ ಜಾಗ ಪೋಲಾಗುವುದರಿಂದ ಅಷ್ಟು ಗಿಟ್ಟುವುದಿಲ್ಲ. ಮಡಿ ದೊಡ್ಡದಾದಷ್ಟೂ ಲೆಕ್ಕ 115ರ ಹತ್ತಿರಕ್ಕೆ ಬರುತ್ತದೆ.